ಕೆಚ್ಚಿದಾಕಿ

ನೆಟ್‌ವರ್ಕ್ ಸಿಗುವುದು ಅಟ್ಟದ ಕಿಟಕಿಯಲ್ಲಿ ಮಾತ್ರ.
ಅಲ್ಲೇ ನಿಂತು ತೆರೆದೆ
ಸಮುದ್ರದಾಚೆಯ ಮ್ಯೂಸಿಯಮ್ಮಿನ ಕಪಾಟು.

‘ಸೀರೆಯ ತುಂಡು. ಬೆತ್ತಗೇರಿ, ಧಾರವಾಡ ಜಿಲ್ಲೆ.
ಹತ್ತಿ, ರೇಷ್ಮೆ. ಅಲ್ಲಲ್ಲಿ ಹುಳು ತಿಂದಿದೆ.
ನೇಯ್ದವರು: ತಿಳಿದಿಲ್ಲ.’

ಬೆಟಗೇರಿ ಅಂತ ಹುಡುಕಿದರೆ ಏನೂ ಇರಲಿಲ್ಲ.
ನಮ್ಮೂರನ್ನು ನಾನೂ ತಪ್ಪಾಗಿ ಬರೆಯಬೇಕಾಯಿತು,
ಆರು ರಾತ್ರಿ, ಆರು ನಮೂನೆ ತಪ್ಪು.

ಬನವ್ವತ್ತಿಯನ್ನು ಕರೆದೆ.
ಮೊಣಕಾಲು ಹಿಡಿದು, ಬೈಯುತ್ತ ಹತ್ತಿ ಬಂದಳು.
ಪರದೆಗೆ ಮೂಗು ತಾಗಿಸಿ
ಬಣ್ಣ ನೋಡಲಿಲ್ಲ, ದಡಿ ನೋಡಲಿಲ್ಲ.
“ದೊಡ್ಡದ ಮಾಡು. ಇನ್ನಷ್ಟ. ಆ ತುದಿ.”

ಎರಡು ಬೆರಳಿಂದ ಹಿಗ್ಗಿಸಿದೆ.
ಕತ್ತರಿಸದೆ ಬಿಟ್ಟ ಹಾಸಿನ ಎಳೆಗಳು,
ಹಳೆಯ ಅಣಿಗೆ ಹೊಸ ಅಣಿ ಕೆಚ್ಚಿದ ಜಾಗ.

“ನೇಯ್ದಾಂವ ಯಾರೋ, ಶಿವಗ ಗೊತ್ತು.
ಕೆಚ್ಚಿದಾಕಿ ಮಾತ್ರ ರೊಡ್ಡಿ.
ಹುರಿ ನೋಡು. ಎಲ್ಲಾರದೂ ಹಿಂಗ, ಇಕಿದು ಹಂಗ.”
ಗಾಳಿಯಲ್ಲಿ ಬೆರಳು ಹೊಸೆದು ತೋರಿಸಿದಳು,
ಮೊದಲು ಬಲಗೈ, ಆಮೇಲೆ ಎಡಗೈ.
ಮಗ್ಗ ಮಾರಿ ಹತ್ತೊಂಬತ್ತು ವರ್ಷ.
ಆದರೂ ಇಲ್ಲದ ಬೂದಿಯನ್ನು
ಸೆರಗಿಗೆ ಒರೆಸಿಕೊಂಡಳು.

ಕೆಳಗೊಂದು ಖಾಲಿ ಚೌಕವಿತ್ತು:
‘ಈ ವಸ್ತುವಿನ ಬಗ್ಗೆ ತಿಳಿದವರು ಬರೆಯಬಹುದು.’
ಬರೆಯತೊಡಗಿದೆ. ಕೆಚ್ಚುವುದಕ್ಕೆ
ಅವರಲ್ಲಿ ಏನನ್ನುತ್ತಾರೋ ತಿಳಿಯದೆ
ಆ ಒಂದು ಮಾತನ್ನು ಕನ್ನಡದಲ್ಲೇ ಬಿಟ್ಟೆ.

ಅತ್ತಿ ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದಳು.
“ಹುಳ ತಿಂದಾವ ಅಂದಿ ಹೌದಿಲ್ಲೊ?
ಬೇವಿನ ಎಲಿ ಇಡ್ರಿ ಅಂತನೂ ಬರಿ ಅವರಿಗೆ.”