ಒಳಬರುವ ನಿಯಮ

ಬೆಂಕಿಗೋಡೆ ಅಂತ ಹೆಸರು. ಮುಟ್ಟಿದರೆ
ಮೇಜಿನಡಿಯ ಡಬ್ಬ ಬೆಕ್ಕಿನಷ್ಟು ಬೆಚ್ಚಗಿದೆ, ಅಷ್ಟೆ.
ರಾತ್ರಿ ಹನ್ನೊಂದು. ಕ್ಲಾಕ್ಸ್‌ವಿಕ್ ಬಂದರಿನಲ್ಲಿ
ಕೊನೆಯ ಮೀನುದೋಣಿ ಹಗ್ಗ ಬಿಗಿದು ಮಲಗಿದೆ.
ನನ್ನ ಮಗ ಮಲಗಿಲ್ಲ.

"ಅಮ್ಮಾ, ಇದರೊಳಗೆ ಒಂದು ಲೋಕ ಕಟ್ಟಿದ್ದೇನೆ,
ಕೋಟೆ ಇದೆ, ಕಮ್ಮಾರಸಾಲೆ ಇದೆ, ಕುರಿಯೂ ಇವೆ.
ಬರುವವರಿಗೆ ದಾರಿ ಮಾತ್ರ ಇಲ್ಲ."

ಬರುವವರು ಮೂವರು: ಬೆರ್ಗುರ್, ಸುನ್ವಾ, ಟೋಕಿ.
ತೆಂಕಣ ದ್ವೀಪದಲ್ಲಿ, ನಾವು ಬಿಟ್ಟು ಬಂದ ಊರಿನಲ್ಲಿ
ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕೂತಿದ್ದಾರೆ
ಹೊಸ್ತಿಲಾಚೆ ಬೂಟು ಬಿಚ್ಚಲೋ ಬೇಡವೋ ಎಂದು ನಿಂತವರ ಹಾಗೆ.

ನನಗೆ ಇದೇನೂ ಹೊಸದಲ್ಲ.
ಬಂದರಿನ ಗೇಟಿನಲ್ಲಿ ಕೆಲಸ. ಲಾರಿಯ ಕಾಗದ ನೋಡಿ
ಯಾರು, ಏನು ಸರಕು, ಯಾವ ಕಟ್ಟೆಗೆ ಎಂದು ಕೇಳಿ
ಅಡ್ಡಗಂಬ ಎತ್ತುವವಳು.

ಮೊದಲು ರೌಟರಿಗೆ ಹೇಳಿದೆವು: ಈ ನಂಬರಿನ ಪೋರ್ಟಿಗೆ ಬಂದದ್ದು
ಸೀದಾ ದೌನ್ಯಲನ ಕೋಣೆಗೆ ಹೋಗಲಿ,
ಅಡುಗೆಮನೆಯ ಟೀವಿಯನ್ನು ಎಬ್ಬಿಸಬೇಡ.
ಅವನ ಕಂಪ್ಯೂಟರಿಗೆ ಖಾಯಂ ವಿಳಾಸ ಕೊಟ್ಟೆವು, ಕೊನೆಗೆ ನಲವತ್ತು.
ದಿನಕ್ಕೊಂದು ಮನೆ ಬದಲಿಸುವವನಿಗೆ
ಯಾವ ಅಂಚೆಯವನು ಕಾಗದ ತಂದಾನು?

ಆಮೇಲೆ ಗೋಡೆ. ಹೊಸ ನಿಯಮ, ಒಳಬರುವುದು, ಟಿಸಿಪಿ.
ಅದನ್ನೇ ಮತ್ತೊಮ್ಮೆ ಯುಡಿಪಿಗೆ.
ಒಂದು, ಸಹಿ ಹಾಕಿಸಿಕೊಂಡು ಕೊಡುವ ರಿಜಿಸ್ಟರು;
ಇನ್ನೊಂದು, ಸೈಕಲ್ಲಿನಿಂದ ಇಳಿಯದೆ ಎಸೆದು ಹೋಗುವ ಪೇಪರು.

ಆಗಲಿಲ್ಲ.
"ಸುತ್ತುತ್ತಲೇ ಇದೆ," ಅಂದಳು ಸುನ್ವಾ ಫೋನಿನಲ್ಲಿ.
ಇಲ್ಲ ಅನ್ನುವುದಿಲ್ಲ, ಹೂಂ ಅನ್ನುವುದಿಲ್ಲ.
"ನಾಳೆ ಬಾ" ಎಂದಾದರೂ ಕದದ ಮೇಲೆ ಬರೆಯಬಾರದೆ ಈ ಗೋಡೆ?

"ಪೂರ್ತಿ ಆರಿಸಿಬಿಡೋಣ ಅಮ್ಮಾ. ಒಂದೇ ರಾತ್ರಿ."

ಬೇಡ, ಅಂದೆ. ಹಿತ್ತಿಲಲ್ಲಿ ನೋಡು,
ಮನೆಯೊಡತಿ ಕುರಿಮಾಂಸ ತೂಗುಹಾಕುವ ಮರದ ಗೂಡು.
ಹಲಗೆ ಹಲಗೆಯ ನಡುವೆ ಬೆರಳಗಲ ಸಂದು.
ಕಡಲಗಾಳಿ ಹೊಕ್ಕರೇ ಅದು ಹದವಾಗುವುದು. ಆದರೆ
ಗಾಳಿ ಬೇಕೆಂದು ಯಾರೂ ಹಲಗೆ ಕಿತ್ತುಹಾಕುವುದಿಲ್ಲ.
ದಾಖಲೆ ತೆರೆದು ತೋರಿಸಿದೆ: ಯಾವ ಯಾವುದೋ ದೇಶದಿಂದ
ನಿಮಿಷಕ್ಕೆ ನಾಲ್ಕು ಸಲ ಚಿಲಕ ಅಲ್ಲಾಡಿಸಿ ನೋಡಿ ಹೋದವರು.
ಅವನು ಉಗುರು ಕಚ್ಚಿದ.

ಆಗ ಕಂಡಿತು, ಸಣ್ಣ ಅಕ್ಷರದಲ್ಲಿ.
ನಮ್ಮ ನಿಯಮ: ಖಾಸಗಿ ಜಾಲಕ್ಕೆ.
ನಮ್ಮ ಜಾಲ: ಸಾರ್ವಜನಿಕ.

ಎರಡು ವರ್ಷದ ಹಿಂದೆ, ಈ ಮನೆಗೆ ಬಂದ ರಾತ್ರಿ,
ಎರಡು ಸೂಟ್‌ಕೇಸು, ಕಂಬಳಿಯಲ್ಲಿ ಸುತ್ತಿದ ಈ ಡಬ್ಬ,
ಹಡಗಿನ ಓಲಾಟ ಇನ್ನೂ ಮೊಣಕಾಲಲ್ಲಿ.
ತಂತಿ ಚುಚ್ಚಿದೊಡನೆ ಅದು ಕೇಳಿತ್ತು:
ಈ ಜಾಲದಲ್ಲಿ ಬೇರೆಯವರಿಗೆ ನೀವು ಕಾಣಿಸಬಹುದೆ?

ಕಾಣಿಸಬಾರದೆಂದೇ ಬಂದವಳು ನಾನು.
ಓದಿ ಮುಗಿಸುವ ಮೊದಲೇ "ಇಲ್ಲ" ಒತ್ತಿದ್ದೆ.

ಪಾಪ, ಅಂದಿನಿಂದ ಆ ಯಂತ್ರ
ನಾವಿನ್ನೂ ಹಡಗುಕಟ್ಟೆಯ ಕಾಫಿ ಅಂಗಡಿಯಲ್ಲಿ
ಸಾಮಾನು ಕಾಲಬಳಿ ಇಟ್ಟುಕೊಂಡು ಕೂತಿದ್ದೇವೆ ಎಂದೇ ತಿಳಿದಿದೆ.
ಪರದೆ ಹೊಲಿದದ್ದು, ಗೋಡೆಗೆ ಮೊಳೆ ಹೊಡೆದದ್ದು,
ಮಗನ ದನಿ ಒಡೆದದ್ದು
ಯಾರೂ ಅದಕ್ಕೆ ಹೇಳಲಿಲ್ಲ.

ದೌನ್ಯಲ್ ಮೌಸಿನಿಂದ ಕೈ ತೆಗೆದ.
"ನೀನೇ ಒತ್ತು."

ಒಂದು ಚುಕ್ಕಿ
ಮೇಲಿನ ಸುತ್ತಿನಿಂದ ಕೆಳಗಿನ ಸುತ್ತಿಗೆ ಇಳಿಯಿತು.
ಗುಡುಗಲಿಲ್ಲ ಗಿಡುಗಲಿಲ್ಲ.

ಬೆರ್ಗುರ್ ಬಂದ. ಸುನ್ವಾ ಬಂದಳು, ಬಂದವಳೇ
ಕೋಟೆ ವಾಲಿದೆ ಅಂದಳು.
ಟೋಕಿ ಬಾಗಿಲು ಬಿಟ್ಟು ಬೇಲಿ ಹಾರಿ ಬಂದು
ಮೊದಲು ಸಿಕ್ಕ ಹುಲ್ಲಿನ ಮೆದೆಗೆ
ಬೆಂಕಿ ಹಚ್ಚಿದ.

ಬೆಳಿಗ್ಗೆ ಆರಕ್ಕೆ ನನಗೆ ಗೇಟು.
ಇನ್ನು ಹತ್ತೇ ನಿಮಿಷ ಅಂತ ಗದರಿಸಿ
ಕುರ್ಚಿ ಎಳೆದುಕೊಂಡು ಕೂತೆ.