ಎರಡೂ ಕಿವಿ ಕಾಣಬೇಕು

ಕೃಷ್ಣೆಯ ಸೇತುವೆಗೆ ತೊಲೆ ಬದಲಿಸುವ ಕೆಲಸ,
ಒಂಬತ್ತು ದಿನ ರೈಲು ರಾಯಚೂರಿನಲ್ಲೇ ನಿಲ್ಲುತ್ತದೆ.
ಆಚೆ ದಡದ ಕೃಷ್ಣಾ ಸ್ಟೇಷನ್ನಿನವರೆಗೆ ಬಸ್ಸು,
ಹಾಗಂತ ಬಿಳಿ ಹಾಳೆಯಲ್ಲಿ ಬರೆದು
ಟಿಕೆಟ್ ಕಿಟಕಿಗೆ ಅನ್ನದ ಅಗುಳಿನಿಂದ ಅಂಟಿಸಿದ್ದರು.

ಅಂಗಡಿಯ ಷಟರ್ ಅರ್ಧಕ್ಕೆ ಎಳೆದು ಬಂದೆ.
ಸ್ಟೇಷನ್ ರೋಡಿನಲ್ಲಿ ಇಪ್ಪತ್ತೆರಡು ವರ್ಷ
ಪಾಸ್‌ಪೋರ್ಟ್ ಅಳತೆಯ ಮುಖ ತೆಗೆದವನು ನಾನು.
ನೀಲಿ ಪರದೆ, ಗಲ್ಲ ತುಸು ಮೇಲೆ, ನಗಬ್ಯಾಡ್ರಿ,
ಎರಡೂ ಕಿವಿ ಕಾಣಬೇಕು.
ಬಸ್ಸಿಗೂ ನನ್ನಲ್ಲಿ ಅದೇ ಕಾಯ್ದೆ:
ಎರಡೂ ಕನ್ನಡಿ ಕಾಣಬೇಕು, ನಂಬರು ಓದಲು ಬರಬೇಕು,
ಗಾಜಿನೊಳಗೆ ನಾನಿರಬಾರದು.

ಬೆಳಗಿನ ಆರೂಕಾಲು. ಆಟೋಗಳನ್ನು ಬೇವಿನಮರದತ್ತ ಸರಿಸಿ
ಸಾಲಾಗಿ ನಿಂತಿವೆ, ಎಂದೂ ಒಟ್ಟಿಗೆ ನಿಲ್ಲದವು.
ದೇವದುರ್ಗ ಡಿಪೋದ್ದು, ಬಂಪರಿಗೆ ತಂತಿಯ ಹೊಲಿಗೆ.
ಮಸ್ಕಿಯದು, ಹೊಸ ಬಣ್ಣ, ಹಳೇ ಕೆಮ್ಮು.
ಕಾನ್ವೆಂಟಿನ ಹಳದಿ, ಸೀಟುಗಳು ಮಕ್ಕಳ ಅಳತೆಗೆ,
ಅಲ್ಲಿ ರಜೆ ಮುಗಿಸಿ ಹೊರಟ ಇಬ್ಬರು ಜವಾನರು
ಮೊಣಕಾಲು ಗದ್ದಕ್ಕೆ ತಾಗುವಂತೆ ಮಡಿಚಿಕೊಂಡು ಕೂತಿದ್ದಾರೆ.
ಕೊನೆಗೊಂದು ಸ್ಲೀಪರ್ ಕೋಚು, ನೇರಳೆ ಪರದೆ,
ಹಿಂದಿನ ಗಾಜಿನಲ್ಲಿ ಥರ್ಮಾಕೋಲಿನ ಅಕ್ಷರ:
ಯಾವುದೋ ಮದುವೆಯ ವರ ಉದುರಿಹೋಗಿ
ವಧು ಮಾತ್ರ ಉಳಿದಿದ್ದಾಳೆ.

ಎಲ್ಲದರ ಹಣೆಗೂ ಸೀಮೆಸುಣ್ಣದಲ್ಲಿ ಒಂದೇ ಊರು.
ಮಸ್ಕಿಯದರಲ್ಲಿ ಮಾತ್ರ 'ಕ್ರಿಷ್ಣಾ'.

"ಬಸ್ಸಿಗೇನ್ ಫೋಟೋ ಹೊಡೀತೀರಿ? ಕಂಪ್ಲೇಂಟ್ ಹಾಕ್ತೀರೇನು?"
ದೇವದುರ್ಗದ ಡ್ರೈವರ್ ಆದೆಪ್ಪ ಇಳಿದು ಬಂದ.
ಇಲ್ಲ ಅಂದೆ. ಸುಮ್ಮನೆ ಅಂದೆ.
ಕನ್ನಡಿಗೆ ಜೋತಿದ್ದ ನಿಂಬೆಹಣ್ಣು ಬಿಚ್ಚಿ ಒಳಗಿಟ್ಟ,
ಟವೆಲ್ಲಿನಿಂದ ನಂಬರ್ ಪ್ಲೇಟು ಒರೆಸಿದ,
ತಾನು ಚೌಕಟ್ಟಿನಾಚೆ ಸರಿದು ನಿಂತು
"ಈಗ ಹೊಡೀರಿ" ಅಂದ.

ಗುಂತಕಲ್ಲಿನ ಕಡೆಯಿಂದ ರೈಲು ಬಂತು, ಬರಿದಾಯಿತು.
ಜನ ರೈಲನ್ನು ಮೈಮೇಲೆ ಹೊತ್ತುಕೊಂಡೇ ಹೊರಬಂದರು.
"ಎಸ್-ಫೋರ್ ಯಾವ ಬಸ್ಸದ?"
"ಲೋವರ್ ಬರ್ತ್ ನಂದು, ನೋಡ್ರಿ ಇಲ್ಲಿ, ಬರದಾರ."
ಮುಕ್ಕಾಲು ತಾಸಿನ ದಾರಿಗೆ
ಒಬ್ಬಾಕೆ ಟ್ರಂಕನ್ನು ಸರಪಳಿಯಿಂದ ಸೀಟಿನ ಕಾಲಿಗೆ ಬಿಗಿದು
ಬೀಗ ಎರಡು ಸಲ ಜಗ್ಗಿ ನೋಡಿದಳು.
ಚಹದ ಮೌಲಾಲಿ ಕೆಟ್ಲಿ ಹಿಡಿದು
ಹಳದಿ ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿ
ಮುಂದಿನ ಡಬ್ಬಿಗೆ ದಾಟಲು ಹೋದವನು
ತಗಡಿನೆದುರು ನಿಂತುಬಿಟ್ಟ.

ಇದ್ಯಾವುದನ್ನೂ ನಾನು ತೆಗೆಯಲಿಲ್ಲ.
ಮನುಷ್ಯರು ಅಡ್ಡ ಬರುತ್ತಿದ್ದರು.

ಆಮೇಲೆ ಗಾರ್ಡ್ ಯಂಕೋಬರಾವ್ ಹೊರಬಂದರು,
ಇಸ್ತ್ರಿಯ ಬಿಳಿ ಉಡುಪು, ಕಂಕುಳಲ್ಲಿ ಎರಡು ಬಾವುಟ.
ಅವರ ಡ್ಯೂಟಿ ಪ್ಲಾಟ್‌ಫಾರ್ಮಿನಲ್ಲೇ ಮುಗಿದಿತ್ತು.
ಸಾಲಿನುದ್ದಕ್ಕೂ ನಡೆದರು,
ಕೊನೆಯ ಬಸ್ಸಿನ ಬೆನ್ನಿಗೆ ಕೆಂಪು ದೀಪ ಉಂಟೋ ಇಲ್ಲವೋ ನೋಡಿದರು,
ಗಡಿಯಾರ ನೋಡಿದರು,
ಮತ್ತೆ ತಲೆಯ ತುದಿಗೆ ಬಂದು ಸೀಟಿ ಊದಿ
ಹಸಿರು ಬಿಚ್ಚಿದರು.
ಯಾರೂ ಕೇಳಿರಲಿಲ್ಲ.

ಕಂಡಕ್ಟರನ 'ರೈಟ್'ಗೆ ಮಾತ್ರ ಹೊರಟು ಬಲ್ಲ ಆದೆಪ್ಪ
ಒಂದು ಕ್ಷಣ ಬಾವುಟವನ್ನೇ ನೋಡಿದ.
ಆಮೇಲೆ, ಎಂಜಿನ್ ಕೂಗುತ್ತದಲ್ಲ ಹಾಗೆ,
ಉದ್ದಕ್ಕೆ ಹಾರ್ನ್ ಒತ್ತಿ ಹಿಡಿದ.
ನಾಲ್ಕೂ ಬಸ್ಸು ಒಂದರ ಬಾಲಕ್ಕೊಂದು
ಗಂಜಿನ ತಿರುವಿನಲ್ಲಿ ಬಾಗಿ ಹೋದವು.
ಹಳದಿಯೊಳಗೆ ಮೌಲಾಲಿ ಇನ್ನೂ ಇದ್ದ.

ರಾತ್ರಿ ತೆರೆಯ ಮೇಲೆ ನೋಡಿದೆ. ಆ ಒಂದು ಚಿತ್ರ ಹಾಳು:
ಬಾವುಟ ಹಾರಿ ನಂಬರಿನ ಅರ್ಧ ನುಂಗಿದೆ,
ಎಡಗನ್ನಡಿ ಇಲ್ಲವೇ ಇಲ್ಲ,
ಬಲಗನ್ನಡಿಯಲ್ಲಿ ಸಾಸಿವೆಯಷ್ಟು ಆದೆಪ್ಪ,
ಹಲ್ಲು ಕಾಣುತ್ತಿದೆ.
ಯಾವ ಆಫೀಸೂ ಒಪ್ಪುವುದಿಲ್ಲ ಇದನ್ನು.

ಹತ್ತನೆಯ ದಿನ ರೈಲು ಹೊಳೆ ದಾಟಿತು.
ಕಿಟಕಿಯ ಹಾಳೆ ಕೆಲವು ದಿನ ಹಾಗೇ ಇತ್ತು,
ಅಂಚಿನ ಅಗುಳನ್ನು ಇರುವೆ ಒಯ್ಯುತ್ತಿದ್ದವು.

ಅಂಗಡಿಯ ಗಾಜಿನೊಳಗೆ, ಯಾರೂ ಬಂದು ಒಯ್ಯದ
ಪಾಸ್‌ಪೋರ್ಟ್ ಮುಖಗಳ ನಡುವೆ ಅದನ್ನು ಸಿಕ್ಕಿಸಿದ್ದೇನೆ.
ನರ್ಸಿಂಗ್ ಅರ್ಜಿಗೆಂದು ಬಂದ ಹುಡುಗಿ
ಸ್ಟೂಲಿನ ಮೇಲಿಂದಲೇ ಕತ್ತು ತಿರುಗಿಸಿ ಕೇಳಿದಳು:
"ಇದು ಎಲ್ಲಿಗಿ ಹೋಗೋ ಬಸ್ರಿ?"

ಈ ಕಡೆ ನೋಡವಾ, ಅಂದೆ. ಗಲ್ಲ ತುಸು ಮ್ಯಾಲೆ.