ಎರವಲಿನ ಆರು

ನಮ್ಮ ಎಣಿಕೆಯಲ್ಲಿ ನಾಲ್ಕಿಲ್ಲ.
ಒಂದು, ಎರಡು, ಮೂರು, ಐದು, ಆರು
ಕಂಚಿನ ಪಟ್ಟಿಗಳ ಮುಂದೆ ಕೂತು ಹೀಗೇ ಕಲಿತೆ.
ಶಾಲೆಯಲ್ಲಿ ಮೇಷ್ಟ್ರು ನಾಲ್ಕು ಅಂದಾಗ
ಎಲ್ಲಿಂದ ಬಂತಪ್ಪ ಈ ನಡುವಿನ ನೆಂಟ
ಅಂತ ಬಾಯಿ ಬಿಟ್ಟಿದ್ದೆ.

ವೊನೊದಾದಿಯ ಗಾಮೆಲಾನಿಗೂ
ಹೊಳೆಯಾಚೆ ಕರಂಗ್‌ಸೆಮಿಯದಕ್ಕೂ
ಅರ್ಧ ಗಂಟೆಯ ದಾರಿ.
ಆದರೆ ಅವರ ಆರು ನಮ್ಮ ಆರಲ್ಲ.
ಒಂದು ಕೂದಲೆಳೆ ಮೇಲೆ. ಅಷ್ಟೇ.
ಆ ಎಳೆಯ ಆಚೆಗೊಂದು, ಈಚೆಗೊಂದು
ಎರಡು ಊರು ತಲೆಯಿಟ್ಟು ಮಲಗುತ್ತವೆ.
ಅವರದ್ದು ಅವಸರದ ಆರು, ಅನ್ನುವರು ನಮ್ಮವರು,
ಸಂತೆ ಮುಗಿಯುವಾಗಿನ ಕೂಗು.
ನಿಮ್ಮದು ಉಂಡು ಮಲಗಿದ ಆರು, ಅನ್ನುವರು ಅವರು.

ಬೆಂಕಿಗುಡ್ಡ ಕೆಮ್ಮಿ
ಬಾಳೆಯೆಲೆಗಳೆಲ್ಲ ಮುಪ್ಪಾದ ವರ್ಷ
ಬೂದಿಯ ಭಾರಕ್ಕೆ ಮಂಟಪದ ತೊಲೆ ಕುಸಿದು
ನಮ್ಮ ದೊಡ್ಡ ಸಾರೋನಿನ ಆರು ಸೀಳಿತು.
ಬಡಿದರೆ ಒಡಕು ಗಡಿಗೆ.
ನನ್ನಪ್ಪ ಸುರಾತ್ಮಿನ್ ಅದನ್ನು ಪಂಚೆಯಲ್ಲಿ ಸುತ್ತಿ,
ಗಾಯಗೊಂಡ ಕೋಳಿಯನ್ನು ಒಯ್ಯುವ ಹಾಗೆ,
ಹೊಳೆ ದಾಟಿದ.

ಬಾರಿಸುವವನು ಸತ್ತು ಮೂಲೆ ಸೇರಿದ್ದ ಸಾರೋನಿನಿಂದ
ಅವರು ಒಂದು ಪಟ್ಟಿ ಬಿಚ್ಚಿ ಕೊಟ್ಟರು.
ಮಾತು ಒಂದೇ: ಅರ ತಾಗಿಸಬೇಡಿ,
ಕೊಟ್ಟದ್ದು ಕೊಟ್ಟ ಹಾಗೇ ಇರಲಿ.

ಅಂದು ಗುರುವಾರ ರಾತ್ರಿ.
ದೊಡ್ಡ ಗಾಂಗಿನ ಬುಡದಲ್ಲಿ ಹೂವು, ಧೂಪ.
ಅದರ ಹೆಸರು ಕ್ಯಾಯಿ ಮೆಂದುಂಗ್, ಮೋಡದಯ್ಯ.
ಕಾಲು ದಾಟಿಸದೆ ಎಲ್ಲರೂ ಬಳಸಿ ಬಂದು ಕೂತರು.
ಎರಡು, ಮೂರು, ಐದು,
ಆರು.
ಮುಖಗಳು ಹುಣಿಸೆ ತಿಂದಂತಾದವು.
ಮುದುಕ ಪಾರ್ತೊಸೆನ್ ಬಡಿಗೆ ಕೆಳಗಿಟ್ಟು ಅಂದ:
ನಮ್ಮ ಅನ್ನದಲ್ಲಿ ಅವರ ಕಲ್ಲು.

ಹಿಂದಿನ ಕೋಣೆಯಲ್ಲಿ ಚಹಾ ಬಗ್ಗಿಸುತ್ತಿದ್ದಳು
ಕರಂಗ್‌ಸೆಮಿಯಿಂದ ಬಂದು ಎಂಟು ತಿಂಗಳಾದ
ರುಬಿಯೆಮ್, ನನ್ನಮ್ಮ.
ಅತ್ತೆಯ ಮನೆಯಲ್ಲಿ ಇನ್ನೂ
ತನ್ನ ದನಿಯ ಅಳತೆ ಸಿಕ್ಕಿರಲಿಲ್ಲ ಅವಳಿಗೆ.
ಲೋಟ ತುಂಬಿತು. ತುಂಬಿ ಚೆಲ್ಲಿತು.
ತಟ್ಟೆ ತುಂಬಿತು. ಅವಳು ಬಗ್ಗಿಸುತ್ತಲೇ ಇದ್ದಳು.

ಇದು ಅಪ್ಪ ಕಂಡದ್ದು. ನಾನಾಗ ಅವಳ ಹೊಟ್ಟೆಯಲ್ಲಿ.
ಕೇಳಿದ್ದೆನೋ ಏನೋ.

ಮರುವಾರ ಶ್ರುತಿ ಮಾಡುವ ಕ್ರಮಾದಿಯಜ್ಜನನ್ನು ಕರೆಸಿದರು.
ಕೊಟ್ಟ ಮಾತು ಮಾತಿನ ಕಡೆ, ಊರಿನ ಕಿವಿ ಊರಿನದು;
ಹೊಟ್ಟೆಯಡಿ ನಾಲ್ಕು ಸಲ ಉಜ್ಜಿದರೆ ಇಳಿದೀತು.
ಅಜ್ಜ ಪಟ್ಟಿಯನ್ನು ಕಿವಿಗೆ ಹಿಡಿದ, ಬೆರಳಲ್ಲಿ ತಟ್ಟಿದ,
ಅಪ್ಪನ ಮುಖ ನೋಡಿದ,
ಬಾಗಿಲ ಸಂದಿಯಲ್ಲಿದ್ದ ಸೀರೆಯಂಚನ್ನೋ, ಸಾರೊಂಗಿನಂಚನ್ನೋ ನೋಡಿದ,
ನನ್ನ ಅರ ಸವೆದಿದೆ, ಅಂದ.
ಚಹಾ ಕುಡಿದು ಹೊರಟ.

ಸವೆದ ಅರ ಮತ್ತೆ ಹರಿತವಾಗಲೇ ಇಲ್ಲ.
ನಮ್ಮ ಕಿವಿಗಳೇ ಸವೆದವು.
ಇಂದಿನ ಮಕ್ಕಳಿಗೆ ಆ ಆರೇ ಆರು.
ಉಳಿದ ವಾದ್ಯಗಳ ಆರಿನ ಜೊತೆ ಬಿದ್ದಾಗ
ನಡುವೆ ಸಣ್ಣಗೆ ಅಲೆಯೊಂದು ನಡುಗುತ್ತದಲ್ಲ,
ಅದಿಲ್ಲದಿದ್ದರೆ ಸಪ್ಪೆ ಅನ್ನುತ್ತಾರೆ.
ಮೊನ್ನೆ ಜಿಲ್ಲೆಯ ಉತ್ಸವದವರು ಬಂದರು,
ಎಲ್ಲ ಊರು ಒಟ್ಟಿಗೆ ಬಾರಿಸಬೇಕಂತೆ,
ಮೊಬೈಲಿನಲ್ಲೊಂದು ಮುಳ್ಳು.
ನಮ್ಮ ಆರಕ್ಕೆ ಅದು ಎಲ್ಲೂ ನಿಲ್ಲದೆ ಒದ್ದಾಡಿತು.
ಹುಡುಗ ಕಾಗದದಲ್ಲಿ ಏನೋ ಬರೆದುಕೊಂಡ.

ಕರಂಗ್‌ಸೆಮಿಯವರು ಹಳೆಯದನ್ನು ಕರಗಿಸಿ
ಪೇಟೆಯ ಅಳತೆಗೆ ಹೊಸದು ಹೊಯ್ಯಿಸಿದ್ದಾರೆ.
ಚೆನ್ನಾಗಿದೆ. ಬಿಸಿಲಿಗೆ ಥಳಥಳ.
ಇನ್ನೂ ಆರದೆ ಉಳಿದ ಅವರ ಆರು
ಇರುವುದು ನಮ್ಮಲ್ಲಿ, ಒಂದೇ ಒಂದು ಪಟ್ಟಿ.
ಅದನ್ನು ಕೇಳಲೆಂದೇ ಗುರುವಾರ ಆ ಕಡೆಯ ಒಬ್ಬ ಮುದುಕ
ಬಿದಿರು ಸೇತುವೆ ದಾಟಿ ಬರುತ್ತಾನೆ.
ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೇ ಕೂರುತ್ತಾನೆ.
ಒಳಗೆ ಬಾ ಅಂದರೆ ಬರುವುದಿಲ್ಲ.
ಅಮ್ಮ ಅವನಿಗೂ ಒಂದು ಲೋಟ ಇಡುತ್ತಾಳೆ.

ಈಗ ಆ ಸಾರೋನ್ ನನ್ನದು.
ಬಲಗೈ ಮುಂದಿನದನ್ನು ಬಡಿಯುವಾಗ
ಎಡಗೈ ಹಿಂದಿನದನ್ನು ಚಿವುಟಿ ಸುಮ್ಮನಾಗಿಸಬೇಕು,
ಅಪ್ಪ ಕಲಿಸಿದ್ದು ಹಾಗೆ.
ಒಂದನ್ನು, ಎರಡನ್ನು, ಮೂರನ್ನು, ಐದನ್ನು
ಸರಿಯಾಗಿ ಹಿಡಿಯುತ್ತೇನೆ.
ಆರಕ್ಕೆ ಮಾತ್ರ
ನನ್ನ ಎಡಗೈ ಸ್ವಲ್ಪ ತಡ.